ಕ್ಯಾಮೆರಾ ಪೈಪಿನ ಒಳಗೆ, ಪಾಲಿಸಿ ಹೊರಗೆ: ಕೊಳವೆ ತಪಾಸಣೆ ಗುತ್ತಿಗೆದಾರರ ವಿಮೆಯ ಗೊಂದಲ

2025ರ ಸೆಪ್ಟೆಂಬರ್ 22ರಿಂದ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ ಎಂಬ ಸುದ್ದಿ ಬಂತು. ನವೆಂಬರ್ 21ಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರ ಬೆನ್ನಿಗೇ ಕೇರಳ ಸರಕಾರ ತಾನು ಅವನ್ನು ಜಾರಿಗೊಳಿಸುವುದಿಲ್ಲ ಎಂದು ಹೇಳಿತು. ಕೇರಳ–ಕರ್ನಾಟಕ ಗಡಿಯ ತಲಪಾಡಿ ಗೇಟಿನ ಆಚೆಗೂ ಈಚೆಗೂ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರರ ತಲೆ ಕೆಡಲು ಇಷ್ಟು ಸಾಕಾಯಿತು. ಆಳುಗಳಿಗೆ ಪೆಟ್ಟಾದರೆ ಪರಿಹಾರ ಕೊಡುವ ಹಳೆಯ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್, ಅಂದರೆ ನೌಕರರ ಪರಿಹಾರ) ಪಾಲಿಸಿ ಇನ್ನು ನಡೆಯುತ್ತದೆಯೆ? ಪ್ರೀಮಿಯಂ ಕಡಿಮೆಯಾಗಬೇಕಲ್ಲ, ಏಜೆಂಟ್ ಯಾಕೆ ಶೇ. 18 ಸೇರಿಸಿದ್ದಾರೆ? ಮಂಗಳೂರಿನಲ್ಲಿ ಕೆಲಸ ಮಾಡುವಾಗ ಒಂದು ಕಾನೂನು, ಮಂಜೇಶ್ವರದಲ್ಲಿ ಇನ್ನೊಂದೆ?

ಈ ಪ್ರಶ್ನೆಗಳು ಹೆಚ್ಚು ಕಾಡುವುದು ಪೈಪು ತಪಾಸಣೆ ಮಾಡುವವರನ್ನು. ಕಾಸರಗೋಡು ಜಿಲ್ಲೆಯಲ್ಲಿ ಈ ಕೆಲಸಕ್ಕೆ ಈಗ ಬೇಡಿಕೆ ಇದೆ. ಜಲಜೀವನ ಮಿಷನ್ನಿನ ಲೈನುಗಳಿಗೆ ಒತ್ತಡ ಪರೀಕ್ಷೆ ಆಗಬೇಕು, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಹಳೆಯ ನೀರಿನ ಪೈಪು ಎಲ್ಲಿದೆ ಎಂದು ಹುಡುಕಿ ಗುರುತು ಹಾಕಬೇಕು, ಆಸ್ಪತ್ರೆ ಮತ್ತು ಫ್ಲಾಟುಗಳ ಚರಂಡಿ ಕಟ್ಟಿಕೊಂಡಾಗ ಕ್ಯಾಮೆರಾ ಇಳಿಸಬೇಕು. ವ್ಯವಸ್ಥಿತ ಒಳಚರಂಡಿ ಜಾಲ ಕೇರಳದಲ್ಲಿ ಬೆರಳೆಣಿಕೆಯ ಊರುಗಳಲ್ಲಿ ಮಾತ್ರ ಇರುವುದರಿಂದ ಮ್ಯಾನ್‌ಹೋಲ್ ಕೆಲಸಕ್ಕೆ ಇಲ್ಲಿನವರು ಮಂಗಳೂರಿಗೆ ಹೋಗುತ್ತಾರೆ. ಟೆಂಡರಿನಲ್ಲಿ ‘ವಿಮೆ ಗುತ್ತಿಗೆದಾರನದ್ದು’ ಎಂದು ಒಂದು ಸಾಲು ಇರುತ್ತದೆ. ಯಾವ ವಿಮೆ ಎಂಬುದನ್ನು ಆ ಸಾಲು ಹೇಳುವುದಿಲ್ಲ, ತೊಂದರೆ ಅಲ್ಲಿಂದಲೇ ಶುರು.

ಸುದ್ದಿಯಲ್ಲಿ ನಿಜ ಎಷ್ಟು

ಜಿಎಸ್‌ಟಿ ವಿನಾಯಿತಿ ಸಿಕ್ಕಿರುವುದು ವೈಯಕ್ತಿಕ ಜೀವ ವಿಮೆಗೆ ಮತ್ತು ವೈಯಕ್ತಿಕ ಆರೋಗ್ಯ ವಿಮೆಗೆ. ಗುತ್ತಿಗೆದಾರ ತನ್ನ ಮತ್ತು ಮನೆಯವರ ಹೆಸರಿನಲ್ಲಿ ಮಾಡಿಸಿದ ಆರೋಗ್ಯ ಪಾಲಿಸಿಗೆ ತೆರಿಗೆ ಇಲ್ಲ. ಆಳುಗಳಿಗಾಗಿ ಮಾಡಿಸಿದ ಗುಂಪು ಪಾಲಿಸಿ, ನೌಕರರ ಪರಿಹಾರ ಪಾಲಿಸಿ, ಪಬ್ಲಿಕ್ ಲಯಬಿಲಿಟಿ (ಹೊರಗಿನವರಿಗೆ ಆದ ಹಾನಿಯ ಹೊಣೆಗೆ ವಿಮೆ), ಯಂತ್ರದ ವಿಮೆ ಇವಕ್ಕೆಲ್ಲ ಶೇ. 18 ಮುಂದುವರಿದಿದೆ. 50,000 ರೂ. ಪ್ರೀಮಿಯಂಗೆ 59,000 ಕಟ್ಟಬೇಕು. ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವವರು ಹೊಣೆಗಾರಿಕೆ ಮತ್ತು ಯಂತ್ರ ವಿಮೆಯ ಆ 9,000ವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆಯಬಹುದು, ಕಾಂಪೊಸಿಷನ್‌ನಲ್ಲಿ (ಸಣ್ಣ ಉದ್ಯಮಗಳ ಸರಳ ತೆರಿಗೆ ಯೋಜನೆ) ಇರುವವರಿಗೆ ಆ ದಾರಿ ಇಲ್ಲ. ಗಡಿಯವರಿಗೆ ಇಲ್ಲೊಂದು ಎಚ್ಚರಿಕೆ: ಮಂಗಳೂರಿನ ಶಾಖೆಯಲ್ಲಿ ಪಾಲಿಸಿ ಮಾಡಿಸಿದರೂ ಅದರಲ್ಲಿ ನಿಮ್ಮ ಕೇರಳ ನೋಂದಣಿಯ, ಅಂದರೆ 32ರಿಂದ ಶುರುವಾಗುವ, ಜಿಎಸ್‌ಟಿ ನಂಬರೇ ಇರಬೇಕು. ಅದು ತಪ್ಪಿದರೆ ಕ್ರೆಡಿಟ್ ಕೈಗೆ ಬರುವುದಿಲ್ಲ.

ಕಾರ್ಮಿಕ ಸಂಹಿತೆಯ ಕತೆ ಸ್ವಲ್ಪ ಜಟಿಲ. 1923ರ ನೌಕರರ ಪರಿಹಾರ ಕಾಯ್ದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿದೆ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಸಂಹಿತೆ ಸಂಸತ್ತಿನದು, ಜಾರಿಯ ಅಧಿಸೂಚನೆ ಕೇಂದ್ರದ್ದು. ರಾಜ್ಯ ಕೈಕಟ್ಟಿ ಕುಳಿತರೆ ನಿಯಮಗಳು ಮತ್ತು ಆಡಳಿತದ ಏರ್ಪಾಡು ತಡವಾಗುತ್ತದೆ, ಸಂಹಿತೆಯೇ ರದ್ದಾಗುವುದಿಲ್ಲ. ಹಳೆಯ ನಿಯಮ ಮತ್ತು ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಲ್ಲದ ಮಟ್ಟಿಗೆ ಒಂದು ವರ್ಷ ಮುಂದುವರಿಯುತ್ತವೆ ಎಂದು ಸಂಹಿತೆಯೇ ಹೇಳುತ್ತದೆ. ಹಾಗಾಗಿ ಕೈಯಲ್ಲಿರುವ ಡಬ್ಲ್ಯೂಸಿ ಪಾಲಿಸಿ ಸತ್ತುಹೋಗಿಲ್ಲ. ನವೀಕರಿಸುವಾಗ ಮಾತ್ರ ‘1923ರ ಕಾಯ್ದೆ ಮತ್ತು ಅದರ ಬದಲಿಗೆ ಬಂದ ಕಾನೂನಿನ ಹೊಣೆ’ ಎಂದು ಎರಡನ್ನೂ ಬರೆಸಿಕೊಳ್ಳಬೇಕು. ಒಂದು ಸಾಲಿನ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ) ಅಷ್ಟೆ, ಅದನ್ನು ಕೇಳುವವರು ಕಡಿಮೆ.

ಆಳಿಗೆ ಪೆಟ್ಟಾದರೆ ಎಷ್ಟು

ಲೆಕ್ಕದ ಸೂತ್ರ ಬದಲಾಗಿಲ್ಲ. ಸಾವಿಗೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಸಂಬಳದ ಶೇ. 60ನ್ನು ಅದೇ ಗುಣಕದಿಂದ ಗುಣಿಸಬೇಕು. 2020ರ ಜನವರಿ 3ರ ಅಧಿಸೂಚನೆಯ ಪ್ರಕಾರ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ 15,000 ರೂ. ಮಾತ್ರ. 30 ವರ್ಷದವನ ಗುಣಕ 207.98. ಅಂದರೆ ಸಾವಿಗೆ 7,500 × 207.98 = 15,59,850 ರೂ., ಪೂರ್ಣ ಅಂಗವೈಕಲ್ಯಕ್ಕೆ 9,000 × 207.98 = 18,71,820 ರೂ. 45 ವರ್ಷದವನಿಗೆ ಗುಣಕ 169.44ಕ್ಕೆ ಇಳಿಯುತ್ತದೆ, ಸಾವಿನ ಪರಿಹಾರ 12,70,800. ಸಂಬಳದಲ್ಲಿ ಭತ್ಯೆಗಳ ಪಾಲು ಅರ್ಧ ಮೀರಬಾರದು ಎಂಬ ಹೊಸ ವ್ಯಾಖ್ಯೆಯಿಂದ ಪರಿಹಾರ ದುಪ್ಪಟ್ಟಾಗುತ್ತದೆ ಎಂದು ಹಬ್ಬಿದ ಮಾತಿಗೆ ಈ ಕೆಲಸದಲ್ಲಿ ಹೆಚ್ಚು ಅರ್ಥವಿಲ್ಲ. ಇಲ್ಲಿನ ದಿನಗೂಲಿಯ ಲೆಕ್ಕದಲ್ಲಿ ಹೆಚ್ಚಿನವರು ಆ 15,000ದ ಮಿತಿಯನ್ನು ಮೊದಲೇ ದಾಟಿರುತ್ತಾರೆ.

ನಿಜವಾಗಿ ಹಿಗ್ಗಿರುವುದು ದಾರಿಯ ಅಪಘಾತದ ಹೊಣೆ. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮರಳುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಮಯ, ಸ್ಥಳ, ಸಂದರ್ಭದ ನಂಟಿದ್ದರೆ ಅದನ್ನು ಕೆಲಸದ ಅಪಘಾತವೆಂದೇ ಸಂಹಿತೆ ಪರಿಗಣಿಸುತ್ತದೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯನ್ನೂ ಇದೇ ರೀತಿ ಅರ್ಥೈಸಿತು. ಉಪ್ಪಳದಿಂದ ಬೈಕಿನಲ್ಲಿ ಮಂಗಳೂರಿನ ಸೈಟಿಗೆ ಹೋಗಿಬರುವ ಆಳು ಈಗ ದಾರಿಯುದ್ದಕ್ಕೂ ಗುತ್ತಿಗೆದಾರನ ಹೊಣೆಯೊಳಗೆ ಬರಬಹುದು. ಪಾಲಿಸಿಯ ‘ಕೆಲಸದ ಸ್ಥಳ’ ಎಂಬ ಕಾಲಮ್ಮಿನಲ್ಲಿ ಕಾಸರಗೋಡು ಎಂದಷ್ಟೇ ಇದ್ದರೆ ಮಂಗಳೂರಿನ ಅಪಘಾತಕ್ಕೆ ತಕರಾರು ಬರುವುದು ಖಂಡಿತ. ‘ಕೇರಳ ಮತ್ತು ಕರ್ನಾಟಕದ ಎಲ್ಲ ಸೈಟುಗಳು’ ಎಂದು ಬರೆಸಬೇಕು.

ಆಳುಗಳ ಸಂಖ್ಯೆಯ ವಿಷಯ ಇನ್ನೊಂದು. ನಾಲ್ಕು ಜನ ಎಂದು ತೋರಿಸಿ ಏಳು ಜನರನ್ನು ಇಳಿಸಿದರೆ, ಪೆಟ್ಟಾದವನು ಆ ನಾಲ್ವರಲ್ಲಿ ಒಬ್ಬ ಎಂದು ರುಜುವಾತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಸಬ್ ಕಾಂಟ್ರಾಕ್ಟಿನವರ ಆಳುಗಳು ಮೂಲ ಪಾಲಿಸಿಯಲ್ಲಿ ತಾವಾಗಿ ಸೇರುವುದಿಲ್ಲ, ಅದಕ್ಕೆ ಪ್ರತ್ಯೇಕ ವಿಸ್ತರಣೆ ಬೇಕು. ಪರಿಹಾರ ಕೊಡುವುದು ಒಂದು ತಿಂಗಳು ಮೀರಿದರೆ ಶೇ. 12 ಬಡ್ಡಿ, ಸಕಾರಣವಿಲ್ಲದ ವಿಳಂಬವಾದರೆ ಪರಿಹಾರದ ಅರ್ಧದವರೆಗೆ ದಂಡ. ದಂಡವನ್ನು ವಿಮಾ ಕಂಪೆನಿ ಕೊಡುವುದಿಲ್ಲ. ಬಡ್ಡಿ ಕೊಡುತ್ತದೆಯೆ ಎಂಬುದು ಪಾಲಿಸಿಯ ಪದಗಳ ಮೇಲಿದೆ.

ಮ್ಯಾನ್‌ಹೋಲಿಗೆ ಇಳಿದವನ ಲೆಕ್ಕವೇ ಬೇರೆ

ತಪಾಸಣೆ ಗುತ್ತಿಗೆದಾರರು ಸಾಮಾನ್ಯವಾಗಿ ಹೇಳುವುದು: ‘ನಾವು ಶುಚಿ ಮಾಡುವವರಲ್ಲ, ಕ್ಯಾಮೆರಾ ಬಿಡುವವರು.’ ಕ್ಯಾಮೆರಾ ಸರಾಗವಾಗಿ ಓಡುವಷ್ಟು ಹೊತ್ತು ಈ ಮಾತು ಸರಿ. ಜೋಡಣೆ ಜಾರಿದ ಕಡೆ, ತೆಂಗಿನ ಬೇರು ನುಗ್ಗಿದ ಕಡೆ, ಹೂಳು ಗಟ್ಟಿಯಾದ ಕಡೆ ಕ್ರಾಲರ್ (ಪೈಪಿನೊಳಗೆ ಓಡುವ ಗಾಲಿ ಕ್ಯಾಮೆರಾ) ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಬಿಡಿಸಲು ಯಾರಾದರೂ ಗುಂಡಿಗೆ ಇಳಿದು ಹೂಳು ಬಗೆದ ಕ್ಷಣ ಅದು ಒಳಚರಂಡಿ ಶುಚಿ ಕೆಲಸವಾಗುತ್ತದೆ. ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸುವುದನ್ನು ಕೈಯಿಂದ ಮಲ ಬಾಚಿಸುವುದನ್ನು ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಐದು ವರ್ಷ, ಐದು ಲಕ್ಷದವರೆಗೆ.

2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯಕ್ಕೆ ಕನಿಷ್ಠ 20 ಲಕ್ಷ ಎಂದಿತು. ಈಗ ಮೇಲಿನ ಲೆಕ್ಕದ ಪಕ್ಕ ಇದನ್ನು ಇಟ್ಟು ನೋಡಿ. 30 ವರ್ಷದವನ ಸಾವಿಗೆ ನೌಕರರ ಪರಿಹಾರ ಪಾಲಿಸಿ ಕೊಡುವುದು 15.6 ಲಕ್ಷ. ಉಳಿದ 14.4 ಲಕ್ಷ ಯಾರದ್ದು? ಕೋರ್ಟಿನ ನಿರ್ದೇಶನ ಸರಕಾರಗಳಿಗೆ. ಆದರೆ ಹಣ ಕೊಟ್ಟ ಸ್ಥಳೀಯ ಸಂಸ್ಥೆ ಕರಾರಿನ ನಷ್ಟಭರ್ತಿ ಷರತ್ತನ್ನು ಹಿಡಿದು ಗುತ್ತಿಗೆದಾರನ ಬಿಲ್ಲಿನಿಂದಲೋ ಠೇವಣಿಯಿಂದಲೋ ಅದನ್ನು ಮುರಿದುಕೊಳ್ಳಲು ನೋಡುತ್ತದೆ. ಪಾಲಿಸಿಯಲ್ಲಿ ‘ಪೈಪು ತಪಾಸಣೆ’ ಎಂದಷ್ಟೇ ನಮೂದಾಗಿದ್ದು ಸತ್ತದ್ದು ಹೂಳು ತೆಗೆಯುವಾಗ ಎಂದಾದರೆ ಮೊದಲ 15.6 ಲಕ್ಷಕ್ಕೂ ಕಂಪೆನಿ ಆಕ್ಷೇಪ ಎತ್ತಬಹುದು. ಇಡೀ ವಿಮೆ ಚರ್ಚೆಯಲ್ಲಿ ಗುತ್ತಿಗೆದಾರನನ್ನು ಒಂದೇ ಪೆಟ್ಟಿಗೆ ಮುಳುಗಿಸಬಲ್ಲ ತೂತು ಇದೇ.

ಇದನ್ನು ಮುಚ್ಚುವ ಕೆಲಸ ಎರಡು ಕಡೆಯಿಂದ ಆಗಬೇಕು. ಕಾಗದದಲ್ಲಿ: ‘ಸೀಮಿತ ಜಾಗದ ಪ್ರವೇಶ’ ಎಂಬ ಮಾತು ಪಾಲಿಸಿಯ ಕೆಲಸದ ವಿವರಣೆಯಲ್ಲಿ ಇರಬೇಕು, ಒಳಚರಂಡಿ ಶುಚಿಗೆ ಇಳಿಯುವವರಿಗೆ ಕನಿಷ್ಠ 10 ಲಕ್ಷದ ಜೀವ ವಿಮೆಯನ್ನು ಉದ್ಯೋಗದಾತನೇ ಪ್ರೀಮಿಯಂ ಕಟ್ಟಿ ಮಾಡಿಸಬೇಕೆಂದು 2013ರ ನಿಯಮಗಳು ಹೇಳುತ್ತವೆ, ಅದನ್ನು ಮಾಡಿಸಬೇಕು. ಸೈಟಿನಲ್ಲಿ: ನಾಲ್ಕು ಅನಿಲದ ಮೀಟರನ್ನು ಹಗ್ಗದಲ್ಲಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಓದಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗಿಂತ ಹೆಚ್ಚು, ಅಥವಾ ಉರಿಯುವ ಅನಿಲ ಅದರ ಕೆಳಗಿನ ಸ್ಫೋಟ ಮಿತಿಯ ಶೇ. 10ಕ್ಕಿಂತ ಹೆಚ್ಚು ಎಂದು ಬಂದರೆ ಇಳಿಯುವ ಮಾತೇ ಇಲ್ಲ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಬಾಯಿಯಲ್ಲಿ ಮಾತ್ರ ನೋಡಿದ ಮೀಟರು ಸುಳ್ಳು ಧೈರ್ಯ ಕೊಡುತ್ತದೆ. ಅನಿವಾರ್ಯವಾಗಿ ಇಳಿಸಲೇಬೇಕಾದರೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ತಿರುವನಂತಪುರದ ಜೆನ್‌ರೋಬೋಟಿಕ್ಸ್ ಮಾಡಿದ, ಮ್ಯಾನ್‌ಹೋಲ್ ಶುಚಿ ಮಾಡುವ ‘ಬ್ಯಾಂಡಿಕೂಟ್’ ಯಂತ್ರದಂಥವು ಬಂದಿರುವಾಗ ‘ಅನಿವಾರ್ಯ’ ಎಂಬ ವಾದವೂ ವರ್ಷ ಹೋದಂತೆ ತೆಳ್ಳಗಾಗುತ್ತಿದೆ.

ಟೆಂಡರ್ ಕೇಳುವ ಪಾಲಿಸಿ ಯಾವುದನ್ನು ಬಿಡುತ್ತದೆ

ಇಲಾಖೆಗಳು ಹೆಚ್ಚಾಗಿ ಕೇಳುವುದು ಕಾಮಗಾರಿಗೆ ಆಗುವ ಹಾನಿಯ ವಿಮೆಯಾದ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ (ಸಿಎಆರ್) ಅಥವಾ ಪಬ್ಲಿಕ್ ಲಯಬಿಲಿಟಿ. ಎರಡರಲ್ಲೂ ಒಂದು ಸಾಮಾನ್ಯ ಹೊರಗಿಡುವಿಕೆ ಇದೆ: ವಿಮೆ ಮಾಡಿಸಿದವನ ವಶದಲ್ಲಿ, ಪಾಲನೆಯಲ್ಲಿ, ಹತೋಟಿಯಲ್ಲಿ ಇರುವ ಆಸ್ತಿಗೆ ಆದ ಹಾನಿ. ನೀರು ಚಿಮ್ಮಿಸಿ ಪೈಪು ತೊಳೆಯುವ ಜೆಟ್ಟಿಂಗ್ ಯಂತ್ರ 150 ಬಾರ್ ಒತ್ತಡದಲ್ಲಿ ಹಳೆಯ ಆಸ್ಬೆಸ್ಟಾಸ್ ಸಿಮೆಂಟ್ ಪೈಪನ್ನು ಸೀಳಿತು ಎನ್ನಿ. ಪಕ್ಕದ ಅಂಗಡಿಗೆ ನೀರು ನುಗ್ಗಿದ್ದಕ್ಕೆ ಪಾಲಿಸಿ ಹಣ ಕೊಡುತ್ತದೆ. ಸೀಳಿದ ಪೈಪಿಗೆ ಕೊಡುವುದಿಲ್ಲ, ಅದು ‘ನೀವು ಕೆಲಸ ಮಾಡುತ್ತಿದ್ದ ಆಸ್ತಿ’. ತಪಾಸಣೆ ಮಾಡುವವನಿಗೆ ಅತಿ ಹೆಚ್ಚು ಸಂಭವವಿರುವ ಹಾನಿಯೇ ಹೀಗೆ ಹೊರಗುಳಿಯುತ್ತದೆ.

ಇದಕ್ಕೆ ಸಿಎಆರ್‌ನಲ್ಲಿ ಮದ್ದು ಇದೆ: ಈಗಾಗಲೇ ಇರುವ ಆಸ್ತಿಯನ್ನು ಸೇರಿಸುವ 119ನೇ ಎಂಡಾರ್ಸ್‌ಮೆಂಟ್. ಆದರೆ ಅದರ ಷರತ್ತು, ಕೆಲಸ ಶುರುವಾಗುವ ಮೊದಲು ಆ ಆಸ್ತಿ ಸುಸ್ಥಿತಿಯಲ್ಲಿ ಇದ್ದಿರಬೇಕು. ಕೆಟ್ಟಿದೆ ಎಂಬ ಸಂಶಯದಿಂದಲೇ ತಪಾಸಣೆಗೆ ಕರೆಸಿದ ಪೈಪು ಸುಸ್ಥಿತಿಯಲ್ಲಿತ್ತು ಎಂದು ತೋರಿಸುವುದು ಹೇಗೆ? ಹೀಗಾಗಿ ಜೆಟ್ ಬಿಡುವ ಮೊದಲು, ಕಡಿಮೆ ನೀರಿನಲ್ಲೇ ಒಮ್ಮೆ ಕ್ಯಾಮೆರಾ ಓಡಿಸಿ ದೂರದ ಮೀಟರು, ದಿನಾಂಕ ಮತ್ತು ಗಂಟೆ ತೆರೆಯಲ್ಲಿ ಕಾಣುವಂತೆ ಚಿತ್ರೀಕರಿಸಿಡುವುದು ರೂಢಿಯಾಗಬೇಕು. ಬಿರುಕು ಮೊದಲೇ ಇದ್ದರೆ ಆ ವಿಡಿಯೋ ನಿಮ್ಮನ್ನು ಕಾಯುತ್ತದೆ. ಇಲ್ಲದಿದ್ದರೆ ಕ್ಲೈಮನ್ನು ಕಾಯುತ್ತದೆ.

ನೆಲದಡಿಯ ಕೇಬಲ್ ಮತ್ತು ಪೈಪುಗಳ ಬಗ್ಗೆ 102ನೇ ಎಂಡಾರ್ಸ್‌ಮೆಂಟ್ ಇದೆ. ಅಗೆಯುವ ಮೊದಲು ಸಂಬಂಧಪಟ್ಟವರಲ್ಲಿ ವಿಚಾರಿಸಿ ನಿಖರ ಜಾಗ ತಿಳಿದುಕೊಂಡಿದ್ದರೆ ಮಾತ್ರ ಪರಿಹಾರ ಎಂಬುದು ಅದರ ಸಾರ. 2023ರ ಜನವರಿಯಲ್ಲಿ ಅಧಿಸೂಚನೆಯಾದ ದೂರಸಂಪರ್ಕ ನಿಯಮಗಳು ಅಗೆಯುವವರು ಮುಂಚೆಯೇ ನೋಟಿಸ್ ಕೊಡಬೇಕೆಂದು ಹೇಳುತ್ತವೆ. ಅದಕ್ಕೆಂದೇ ಅದೇ ವರ್ಷ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆಯಾಯಿತು. ಆ್ಯಪಿನಲ್ಲಿ ವಿಚಾರಣೆ ಹಾಕಿದ ದಾಖಲೆ ಹಾನಿ ಅಳೆಯಲು ಬರುವ ವಿಮಾ ಸರ್ವೇಯರ್‌ಗೆ ತೋರಿಸುವ ಮೊದಲ ಕಾಗದ. ಈ ಜಿಲ್ಲೆಯಲ್ಲಿ ಗೇಲ್‌ನ ಕೊಚ್ಚಿ–ಮಂಗಳೂರು ಅನಿಲ ಪೈಪ್‌ಲೈನ್ ಕೂಡ ಹಾದುಹೋಗುತ್ತದೆ. 2021ರ ಜನವರಿ 5ರಂದು ಉದ್ಘಾಟನೆಯಾದ ಈ 450 ಕಿ.ಮೀ. ಲೈನಿನ ಕೊನೆಯ ತೊಡಕು ಚಂದ್ರಗಿರಿ ಹೊಳೆಯನ್ನು ದಾಟಿಸುವುದೇ ಆಗಿತ್ತು. ಗೇಲ್‌ಗೆ ಬಳಕೆಯ ಹಕ್ಕಿರುವ, ಪೈಪ್‌ಲೈನ್ ಹಾದ ನೆಲದ ಪಟ್ಟಿಯೊಳಗೆ ಅನುಮತಿ ಇಲ್ಲದೆ ಜೆಸಿಬಿ ಇಳಿಸಿದರೆ ವಿಮೆಯ ಮಾತು ಬರುವ ಮೊದಲೇ ಪೊಲೀಸರು ಬರುತ್ತಾರೆ.

ಒತ್ತಡ ಪರೀಕ್ಷೆ ಮಾಡುವವರು ನೋಡಬೇಕಾದ್ದು 117ನೇ ಎಂಡಾರ್ಸ್‌ಮೆಂಟ್. ಒಂದು ಘಟನೆಗೆ ಎಷ್ಟು ಮೀಟರ್ ತೆರೆದ ಕಂದಕಕ್ಕೆ ಪರಿಹಾರ ಎಂಬ ಮಿತಿ ಅದರಲ್ಲಿ ಬರೆದಿರುತ್ತದೆ. ಪರೀಕ್ಷೆ ಮುಗಿದ ಕೂಡಲೇ ಮಣ್ಣು ಮುಚ್ಚಬೇಕೆಂಬ ಷರತ್ತೂ ಇರುತ್ತದೆ. ಸೋರಿಕೆ ಕಾಣಲೆಂದು ಜೋಡಣೆಗಳನ್ನು ಬಿಟ್ಟಿಡುವುದು ಸರಿ, ಪೈಪಿನ ಮೈಯನ್ನೂ ಬಿಟ್ಟಿಟ್ಟರೆ ಕಷ್ಟ. ಜೂನಿನ ಮಳೆಗೆ ಕಂದಕ ತುಂಬಿದರೆ ಎರಡೂ ತುದಿ ಮುಚ್ಚಿದ ಖಾಲಿ ಪೈಪು ತೇಲಿ ಜೋಡಣೆ ಕಳಚಿಕೊಳ್ಳುತ್ತದೆ. ಮುನ್ನೂರು ಮೀಟರ್ ಕಳಚಿ ಪಾಲಿಸಿಯ ಮಿತಿ ನೂರು ಮೀಟರ್ ಇದ್ದರೆ, ಇನ್ನೂರು ಮೀಟರ್ ನಿಮ್ಮ ಕೈಯಿಂದ.

ವರದಿ ತಪ್ಪಿದರೆ

ಏನನ್ನೂ ಮುಟ್ಟದೆ, ಏನನ್ನೂ ಒಡೆಯದೆ ನಷ್ಟ ಮಾಡುವ ದಾರಿಯೂ ಇದೆ: ತಪ್ಪು ವರದಿ. ಪೈಪಿನೊಳಗಿಂದ ಸಂಕೇತ ಕಳಿಸುವ 512 ಹರ್ಟ್ಸ್ ಸೋಂಡನ್ನು ಮೇಲಿನಿಂದ ಹಿಡಿದು ಲೊಕೇಟರ್ ತೋರಿಸಿದ ಜಾಗ ಪಕ್ಕದ ಕೇಬಲಿನ ಪ್ರಭಾವಕ್ಕೆ ಒಂದಡಿ ಸರಿದಿತ್ತು, ಆ ಗುರುತನ್ನು ನಂಬಿ ಬೇರೆಯವರು ಮುಖ್ಯ ಲೈನ್ ಕತ್ತರಿಸಿದರು. ಅಥವಾ ‘ಪೈಪು ಸರಿಯಿದೆ’ ಎಂದು ಬರೆದುಕೊಟ್ಟ ಮೂರು ತಿಂಗಳಿಗೆ ರಸ್ತೆ ಕುಸಿಯಿತು. ಪಬ್ಲಿಕ್ ಲಯಬಿಲಿಟಿ ಪಾಲಿಸಿ ವೃತ್ತಿಪರ ಸಲಹೆಯನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ದೇಹಕ್ಕೋ ಆಸ್ತಿಗೋ ಹಾನಿಯಾಗದ ಬರೀ ಹಣದ ನಷ್ಟವೂ ಅದರಲ್ಲಿ ಬರುವುದಿಲ್ಲ. ನೀರಿಲ್ಲದೆ ಎರಡು ದಿನ ಮುಚ್ಚಿದ ಹೋಟೆಲಿನ ವ್ಯಾಪಾರ ನಷ್ಟ ಆ ಬಗೆಯದು. ಇದಕ್ಕೆ ಬೇಕಾದ್ದು ಪ್ರೊಫೆಷನಲ್ ಇಂಡೆಮ್ನಿಟಿ, ಅಂದರೆ ವೃತ್ತಿಯ ತಪ್ಪಿನ ಹೊಣೆಗೆ ವಿಮೆ.

ಇಲ್ಲಿ ಒಂದು ಬಲೆ. ಲಯಬಿಲಿಟಿ ಮತ್ತು ಇಂಡೆಮ್ನಿಟಿ ಪಾಲಿಸಿಗಳು ನಮ್ಮಲ್ಲಿ ಹೆಚ್ಚಾಗಿ ‘ಕ್ಲೈಮ್ಸ್ ಮೇಡ್’ ಬಗೆಯವು. ತಪ್ಪು ನಡೆದ ದಿನ ಪಾಲಿಸಿ ಇದ್ದರೆ ಸಾಲದು, ದಾವೆ ಬಂದ ದಿನವೂ ಇರಬೇಕು. ತಪ್ಪು ನಡೆದದ್ದು ಪಾಲಿಸಿಯಲ್ಲಿ ಬರೆದ ಹಿಂದಿನ ದಿನಾಂಕದ (ರೆಟ್ರೊಆ್ಯಕ್ಟಿವ್ ಡೇಟ್) ನಂತರ ಆಗಿರಬೇಕು. ಕೆಲಸ ಮುಗಿಯಿತೆಂದು ನವೀಕರಣ ಬಿಟ್ಟವನು ಹಳೆಯ ಐದು ವರ್ಷದ ವರದಿಗಳಿಗೂ ಒಂದೇ ಸಲ ರಕ್ಷಣೆ ಕಳೆದುಕೊಳ್ಳುತ್ತಾನೆ. ಕಂಪೆನಿ ಬದಲಿಸುವಾಗಲೂ ಹಳೆಯ ಹಿಂದಿನ ದಿನಾಂಕವನ್ನೇ ಉಳಿಸಿಕೊಡುವಂತೆ ಕೇಳಬೇಕು.

ಕ್ಯಾಮೆರಾಕ್ಕೆ ವಿಮೆ

ಕ್ರಾಲರ್ ಕ್ಯಾಮೆರಾವನ್ನು ಯಂತ್ರ ವಿಮೆಯಲ್ಲಿ (ಕಾಂಟ್ರಾಕ್ಟರ್ಸ್ ಪ್ಲಾಂಟ್ ಆ್ಯಂಡ್ ಮೆಷಿನರಿ, ಸಿಪಿಎಂ) ಸೇರಿಸುವವರು ಎರಡು ಸಾಲು ಓದಿಕೊಳ್ಳಬೇಕು. ನೆಲದಡಿ ಕೆಲಸ ಮಾಡುವ ಯಂತ್ರಕ್ಕೆ ವಿಶೇಷ ಒಪ್ಪಿಗೆ ಇಲ್ಲದಿದ್ದರೆ ರಕ್ಷಣೆ ಇಲ್ಲ. ಉಬ್ಬರ ಇಳಿತದ ನೀರಿನಲ್ಲಿ ಮುಳುಗಿದರೆ ಇಲ್ಲ. ಕ್ಯಾಮೆರಾದ ಕೆಲಸವೇ ನೆಲದಡಿ. ಮೊಗ್ರಾಲ್, ಶಿರಿಯ, ಉಪ್ಪಳ ಹೊಳೆಗಳ ಅಳಿವೆಯ ಬಳಿ ಮಳೆನೀರಿನ ಮೋರಿಗಳಿಗೆ ಉಬ್ಬರದ ಹೊತ್ತಿಗೆ ಕಡಲ ನೀರು ಹಿಂದಕ್ಕೆ ಏರುತ್ತದೆ. ಕಂಪೆನಿಯಿಂದ ಲಿಖಿತ ಒಪ್ಪಿಗೆ ಸಿಗದಿದ್ದರೆ ಎಲೆಕ್ಟ್ರಾನಿಕ್ ಉಪಕರಣ ಪಾಲಿಸಿಯಲ್ಲಿ ಸಾಗಿಸುವ ಉಪಕರಣದ ವಿಸ್ತರಣೆ ಕೇಳಿ ನೋಡಬಹುದು.

ಮೊತ್ತ ಬರೆಸುವಾಗ ಕೊಂಡ ಬೆಲೆ ಹಾಕಬಾರದು, ಇಂದು ಹೊಸತಕ್ಕೆ ಎಷ್ಟಾಗುತ್ತದೆಯೋ ಅಷ್ಟು ಹಾಕಬೇಕು. ಹೊಸ ಬೆಲೆ 20 ಲಕ್ಷ ಇರುವುದನ್ನು 12 ಲಕ್ಷಕ್ಕೆ ವಿಮೆ ಮಾಡಿಸಿ 5 ಲಕ್ಷದ ಹಾನಿಯಾದರೆ, ಸಿಗುವುದು ಐದರ ಶೇ. 60, ಅಂದರೆ 3 ಲಕ್ಷ. ಅದರಲ್ಲೂ ಕಡ್ಡಾಯ ಕಡಿತ ಬೇರೆ. ಸಿಕ್ಕಿಹಾಕಿಕೊಂಡ ಕ್ಯಾಮೆರಾ ತೆಗೆಯಲು ರಸ್ತೆ ಅಗೆದ ಖರ್ಚು ಯಂತ್ರದ ಹಾನಿಯೆಂದು ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ವರ್ಕ್ ಆರ್ಡರಿನಲ್ಲೇ ಇಲಾಖೆಯ ಮೇಲೆ ಬರೆಸಿಕೊಳ್ಳುವುದು ಜಾಣತನ.

ಮೂರು ಕಡೆಯ ವಾದ

ಇಲಾಖೆಯ ನಿಲುವು ಸರಳ: ಏನೇ ಆದರೂ ಗುತ್ತಿಗೆದಾರನೇ ಹೊಣೆ. ಸಾರ್ವಜನಿಕ ಹಣವನ್ನು ಕಾಯಬೇಕಾದವರು ಹೀಗೆ ಹೇಳುವುದು ಸಹಜವೇ. ಆದರೆ ಕಾನೂನು ಹೊರಿಸುವುದಕ್ಕಿಂತ ಹೆಚ್ಚಿನ ಹೊಣೆಯನ್ನು ಕರಾರಿನಲ್ಲಿ ಒಪ್ಪಿಕೊಂಡರೆ ಆ ಹೆಚ್ಚುವರಿ ಭಾಗಕ್ಕೆ ವಿಮೆ ಇಲ್ಲ. ಏಜೆಂಟರು ಹೇಳುವುದು, ಒಂದು ಪ್ಯಾಕೇಜ್ ಸಾಕು. ಅಂಗಡಿಗೆ ಸಾಕು, ಅಂಗಡಿಯಿಂದ ಹೊರಗೆ ನಡೆಯುವ ಕೆಲಸಕ್ಕೆ ಸಾಲದು. ಗುತ್ತಿಗೆದಾರರ ವಾದ, ಅತಿ ಕಡಿಮೆ ದರಕ್ಕೆ ಟೆಂಡರ್ ಹೋಗುವಾಗ ನಾಲ್ಕು ಪಾಲಿಸಿಯ ಪ್ರೀಮಿಯಂ ಎಲ್ಲಿಂದ ತರುವುದು? ಈ ವಾದದಲ್ಲಿ ಹುರುಳಿದೆ. ವಿಮೆ ಮಾಡಿಸಿದವನ ದರ ಮೇಲೆ ಹೋಗುತ್ತದೆ, ಮಾಡಿಸದವನಿಗೆ ಕೆಲಸ ಸಿಗುತ್ತದೆ. ಟೆಂಡರಿನಲ್ಲೇ ಪಾಲಿಸಿಗಳ ಹೆಸರು, ಮಿತಿ ಮತ್ತು ಪ್ರೀಮಿಯಂಗೆ ಪ್ರತ್ಯೇಕ ಐಟಂ ಬರುವವರೆಗೆ ಇದು ಸರಿಹೋಗುವ ಲಕ್ಷಣವಿಲ್ಲ.

ಹಣ ಕಡಿಮೆ ಇದ್ದವರು ನೌಕರರ ಪರಿಹಾರವನ್ನು ಮೊದಲು, ಪಬ್ಲಿಕ್ ಲಯಬಿಲಿಟಿಯನ್ನು ಅದರ ನಂತರ ಮಾಡಿಸಲಿ. ಕ್ಯಾಮೆರಾ ಹೋದರೆ ಸಾಲ ಮಾಡಿ ಇನ್ನೊಂದು ತರಬಹುದು. ಲಯಬಿಲಿಟಿಯಲ್ಲಿ ಇಲಾಖೆಯ ಹೆಸರನ್ನೂ ಸೇರಿಸಿ ‘ಕ್ರಾಸ್ ಲಯಬಿಲಿಟಿ’ (ಇಬ್ಬರಿಗೂ ಬೇರೆ ಬೇರೆ ಪಾಲಿಸಿ ಇದ್ದಂತೆ ಕಾಣುವ ಷರತ್ತು) ಬರೆಸುವುದು ಒಳ್ಳೆಯದು. ನೆನಪಿರಲಿ, ಇಲಾಖೆ ತನ್ನ ಸ್ವಂತ ವಿಮೆಯಿಂದ ನಷ್ಟ ಪಡೆದರೂ ವಿಷಯ ಅಲ್ಲಿಗೆ ಮುಗಿಯುವುದಿಲ್ಲ. ಹಣ ಕೊಟ್ಟ ಕಂಪೆನಿ ಇಲಾಖೆಯ ಜಾಗದಲ್ಲಿ ನಿಂತು ತಪ್ಪು ಮಾಡಿದವನ ಮೇಲೆ ವಸೂಲಿಗೆ ಬರಬಹುದು.

ಕ್ಲೈಮ್ ತಿರಸ್ಕಾರವಾದರೆ

1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರುವ ತನಕ ಅಪಾಯದ ಹೊಣೆ ಕಂಪೆನಿಯ ಮೇಲೆ ಬರುವುದಿಲ್ಲ. ಸೋಮವಾರ ಕೆಲಸ ಶುರು ಮಾಡಿ ಬುಧವಾರ ಹಣ ಕಟ್ಟಿದರೆ ಮಂಗಳವಾರದ ಅಪಘಾತ ಹೊರಗೆ. ಅಪಘಾತ ಆದ ದಿನವೇ ಇಮೇಲಿನಲ್ಲಿ ತಿಳಿಸಿ, ಸರ್ವೇಯರ್ ನೋಡುವವರೆಗೆ ಒಡೆದ ತುಂಡನ್ನು ಎಸೆಯದೆ ಇಡಿ, ಇಲಾಖೆಗೆ ‘ತಪ್ಪು ನಮ್ಮದು’ ಎಂದು ಬರೆದುಕೊಡಬೇಡಿ. ಕಂಪೆನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳುವುದು ಪಾಲಿಸಿಯ ಷರತ್ತಿನ ಉಲ್ಲಂಘನೆ.

ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತೀರ್ಮಾನ ಕೊಡುವ ಅಧಿಕಾರ ಅದಕ್ಕಿದೆ. ದೂರುದಾರ ವಾಸಿಸುವ ಊರು ಅಥವಾ ವಿಮಾ ಕಂಪೆನಿಯ ಶಾಖೆ ಇರುವ ಊರು, ಎರಡರಲ್ಲಿ ಯಾವುದರ ವ್ಯಾಪ್ತಿಯ ಕಚೇರಿಗಾದರೂ ಹೋಗಬಹುದು. ಹಾಗಾಗಿ ಮಂಗಳೂರು ಶಾಖೆಯ ಪಾಲಿಸಿ ಹಿಡಿದ ಕಾಸರಗೋಡಿನವರಿಗೆ ಕೊಚ್ಚಿ, ಬೆಂಗಳೂರು ಎರಡೂ ಬಾಗಿಲು ತೆರೆದಿವೆ. ಆದರೆ ಈ ಸೌಲಭ್ಯ ವ್ಯಕ್ತಿಗಳಿಗೆ, ಒಬ್ಬನೇ ಮಾಲೀಕನ ಉದ್ಯಮಗಳಿಗೆ ಮತ್ತು ಸೂಕ್ಷ್ಮ ಉದ್ಯಮಗಳಿಗೆ ಮಾತ್ರ. ಪಾಲುದಾರಿಕೆಯಲ್ಲಿ ಕೆಲಸ ಮಾಡುವವರು ಸೂಕ್ಷ್ಮ ಉದ್ಯಮವೆಂದು ಉದ್ಯಮ್ ನೋಂದಣಿ ಮಾಡಿಸಿಟ್ಟುಕೊಂಡಿರದಿದ್ದರೆ ಗ್ರಾಹಕ ಆಯೋಗವನ್ನೋ ಸಿವಿಲ್ ಕೋರ್ಟನ್ನೋ ನೋಡಬೇಕಾಗುತ್ತದೆ.